ಒಂದೇ ಕಾಲಂನಲ್ಲಿ ಬೆರೆತ ಪ್ರಶ್ನೆಗಳು

ಪುನರ್ವಸು ಮಳೆ ಹಿಡಿದು ಸುರಿಯುತ್ತಿದ್ದ ಒಂದು ಭಾನುವಾರ, ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ನಾನೂ ನನ್ನ ಸೋದರಳಿಯನೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದೆವು. ಅವನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಓದಿ ಹೇಳುವುದನ್ನು ಕೇಳಿಯೇ ಅವನು ಎಲ್ಲವನ್ನೂ ಮಾಡುತ್ತಾನೆ. ಆದ್ದರಿಂದಲೇ ಚಿತ್ರವಿಲ್ಲದ, ಆಜ್ಞೆಗಳನ್ನು ಟೈಪ್ ಮಾಡಿ ಆಡುವ ಪಠ್ಯದ ಆಟಗಳೆಂದರೆ ಅವನಿಗೆ ಪ್ರಾಣ. ಅದರಲ್ಲೂ ಹಲವರು ಏಕಕಾಲಕ್ಕೆ ಸೇರಿ ಆಡುವ ಮಡ್‌ಗಳು, ಅಂದರೆ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ಆಟದ ಸಂತತಿ, ಅವನಿಗೆ ಹೆಚ್ಚು ಇಷ್ಟ.

ಇಂಥ ಆಟಗಳ ಒಂದು ಅಂತರ್ಜಾಲ ಡೈರೆಕ್ಟರಿಗೆ ನಾನು ಬಿಡುವಿನಲ್ಲಿ ದುಡಿಯುತ್ತೇನೆ. ಹುಡುಕಾಟದ ವಿಭಾಗಗಳನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ, ಏನನ್ನೂ ಹೇಳಿಕೊಡದೆ, ಬೇಕಾದ ಆಟವೊಂದನ್ನು ಹುಡುಕು ಎಂದು ಅವನಿಗೆ ಹೇಳಿದೆ. ಹಡಗಿನ ಪ್ರಯಾಣವಿರುವ, ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಲಾಗದ, ಸ್ಕ್ರೀನ್ ರೀಡರಿಗೆ ಒಗ್ಗುವ ಆಟ ಅವನಿಗೆ ಬೇಕಿತ್ತು. ನಮ್ಮಲ್ಲಿದ್ದದ್ದು ಒಂದೇ ವಿಭಾಗಪಟ್ಟಿ: ಫ್ಯಾಂಟಸಿ, ವಿಜ್ಞಾನ ಕಥೆ, ಡಿಕು, ಪಾತ್ರಾಭಿನಯ, ಹೊಸಬರಿಗೆ. ಒಂದು ಆಟಕ್ಕೆ ಒಂದೇ ವಿಭಾಗ. ಅವನು ಫ್ಯಾಂಟಸಿ ಆರಿಸಿದ. ಮೊದಲ ಆಟ ತೆರೆದೊಡನೆ ಅಕ್ಷರಗಳಿಂದ ಬಿಡಿಸಿದ ನಕ್ಷೆಯನ್ನು ಎನ್‌ವಿಡಿಎ 'ಹ್ಯಾಷ್, ಡ್ಯಾಶ್, ಡ್ಯಾಶ್, ಹ್ಯಾಷ್' ಎಂದು ಒಂದೇ ಸಮನೆ ಓದತೊಡಗಿತು. ಎರಡನೆಯದಕ್ಕೆ ಸಂಪರ್ಕವೇ ಸಿಗಲಿಲ್ಲ. ಗಂಟೆ ಕಳೆದ ಮೇಲೆ ಅವನು ಕೇಳಿದ: "ಮಾವ, ಅಂಥ ಆಟ ಇಲ್ಲವೋ, ಇದ್ದೂ ನನಗೆ ಸಿಗುತ್ತಿಲ್ಲವೋ?"

ಆ ಪ್ರಶ್ನೆಗೆ ಉತ್ತರ ಹೇಳಲಾಗದ ಪಟ್ಟಿಯನ್ನು ಡೈರೆಕ್ಟರಿ ಎಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ದಾರಿ ತೋರಿದ್ದು ಜಗಲಿಯಲ್ಲಿ ಅಣ್ಣ ಓದುತ್ತಿದ್ದ ಕಾಫಿ ಧಾರಣೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು 50 ಕೆ.ಜಿ. ಮೂಟೆಗೆ ನಾಲ್ಕು ದರಗಳು. ಗಿಡ ಯಾವುದು ಎಂಬುದು ಒಂದು ಪ್ರಶ್ನೆ. ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟೋ ಇಡಿಯಾಗಿ ಕಣದಲ್ಲಿ ಒಣಗಿಸಿದ ಚೆರಿಯೋ ಎಂಬುದು ಬೇರೆಯೇ ಪ್ರಶ್ನೆ. ಕ್ಯೂರಿಂಗ್ ಆದ ಮೇಲೆ ಎ, ಪಿಬಿ ಎಂದು ಬೀಜದ ಗಾತ್ರ, ಆಕಾರದ ಮೂರನೆಯ ಪ್ರಶ್ನೆಯೂ ಸೇರುತ್ತದೆ. ಅರೇಬಿಕಾ ಮತ್ತು ಚೆರಿಗಳಲ್ಲಿ ಒಂದನ್ನೇ ಆರಿಸು ಎಂದು ಮಲೆನಾಡಿನ ಯಾವ ಬೆಳೆಗಾರನನ್ನೂ ಯಾರೂ ಕೇಳುವುದಿಲ್ಲ. ನಾವು ಆಟಗಳಿಗೆ ಅದನ್ನೇ ಮಾಡಿದ್ದೆವು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಗ್ರಂಥಗಳ ವಿಷಯವನ್ನು ಹೀಗೆಯೇ ಬೇರೆ ಬೇರೆ ಮುಖಗಳಾಗಿ ಬಿಡಿಸುತ್ತದೆ.

ಮಧ್ಯಾಹ್ನ ಪಟ್ಟಿಯನ್ನು ಒಡೆದೆವು. ಕಥಾವಸ್ತು ಸುಲಭವಾಗಿ ಬೇರೆಯಾಯಿತು. ಡಿಕು ಎಂಬುದು ಕಥೆಯ ಬಗೆಯಲ್ಲ, ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ ಕೋಡಿನ ವಂಶ. ಹಂತ ಏರುವುದು, ಕಾದಾಡುವುದು ಅದರ ಮುಖ್ಯ ಗುಣವಾದ್ದರಿಂದ ಅನುಭವಿಗಳಿಗೆ ಆ ಹೆಸರು ಉಪಯುಕ್ತವೇ, ಆದರೆ ಅದು ಇರಬೇಕಾದದ್ದು ತನ್ನದೇ ಕಾಲಂನಲ್ಲಿ. ಕೊಲ್ಲುವ ವಿಷಯಕ್ಕೆ ಹೌದು, ಇಲ್ಲ ಎಂಬೆರಡು ಉತ್ತರ ಸಾಲದು, ಏಕೆಂದರೆ ಎಷ್ಟೋ ಕಡೆ ಇಬ್ಬರೂ ಒಪ್ಪಿದರೆ ಅಥವಾ ಗೊತ್ತಾದ ಜಾಗಗಳಲ್ಲಿ ಮಾತ್ರ ಅದಕ್ಕೆ ಅವಕಾಶ. ಆಟ ಜೀವಂತವಾಗಿದೆಯೇ, ಎಷ್ಟು ಜನ ಒಳಗಿದ್ದಾರೆ ಎಂಬುದನ್ನು ಎಂಎಸ್‌ಎಸ್‌ಪಿ ಎಂಬ ವ್ಯವಸ್ಥೆ ಅಳವಡಿಸಿಕೊಂಡ ಸರ್ವರುಗಳೇ ತಿಳಿಸುತ್ತವೆ.

ಹೆಚ್ಚು ಹೊತ್ತು ಹಿಡಿದದ್ದು ಸ್ಕ್ರೀನ್ ರೀಡರಿನ ವಿಭಾಗ. 'ಒಗ್ಗುತ್ತದೆಯೇ' ಎಂದು ಕೇಳಿದರೆ ನಡೆಸುವವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೌದು ಎನ್ನುತ್ತಾರೆ. ನಕ್ಷೆಯನ್ನು ನಿಲ್ಲಿಸಬಹುದೇ, ಪಾತ್ರದ ಶಕ್ತಿಯನ್ನು ಗೆರೆಗಳ ಬದಲು ಅಂಕಿಯಲ್ಲಿ ತೋರಿಸಬಹುದೇ ಎಂದು ಕೇಳಬೇಕೆಂದವನು ಸೋದರಳಿಯ. ಉತ್ತರ ಬಾರದ ಆಟಗಳನ್ನು ಹುಡುಕಾಟದಿಂದ ಬಿಟ್ಟುಬಿಡೋಣವೆಂದಾಗಲೂ ಅವನು ಒಪ್ಪಲಿಲ್ಲ. 'ತಿಳಿದಿಲ್ಲ' ಎಂದು ಬರೆದು ಕೊನೆಯಲ್ಲಿ ತೋರಿಸಲೇಬೇಕೆಂದು ಹಟ ಹಿಡಿದ. ಆಮೇಲೆ ಆ ಕೊನೆಯ ಗುಂಪಿನ ಆಟಗಳನ್ನು ತಾನೇ ಒಂದೊಂದಾಗಿ ತೆರೆದು ಪರೀಕ್ಷಿಸತೊಡಗಿದ. ರಾತ್ರಿಯೂಟಕ್ಕೆ ಕರೆಯುವ ಹೊತ್ತಿಗೆ ಹನ್ನೊಂದು ಆಟಗಳ ಮುಂದಿದ್ದ 'ತಿಳಿದಿಲ್ಲ' ಅಳಿಸಿಹೋಗಿತ್ತು.