ಯುರೋಪ್ ಒಕ್ಕೂಟ ಒಡೆಯುತ್ತದಾ?

ತೀರ್ಥಹಳ್ಳಿಯಲ್ಲಿ ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಪೇಪರ್ ಓದುತ್ತಿದ್ದ ಅಪ್ಪಯ್ಯ ತಲೆ ಎತ್ತಿ, "ಈ ಯುರೋಪಿನವರ ಒಕ್ಕೂಟ ಒಡೆದು ಹೋಗ್ತದಾ ಮಾರಾಯ?" ಎಂದು ಕೇಳಿದರು.

ಅಷ್ಟು ಸುಲಭಕ್ಕೆ ಒಡೆಯುತ್ತದೆ ಅಂತ ನನಗೆ ಅನಿಸುವುದಿಲ್ಲ. ಬ್ರಿಟನ್ನಿನ ಕತೆಯನ್ನೇ ನೋಡಿ. 2016ರಲ್ಲಿ ಶೇ 52ರಷ್ಟು ಮತ ಹೊರಗೆ ಹೋಗುವುದರ ಪರ ಬಿತ್ತು. ನಿಜವಾಗಿ ಹೊರಬಿದ್ದದ್ದು 2020ರ ಜನವರಿ 31ಕ್ಕೆ. ಅಷ್ಟರಲ್ಲಿ ಇಬ್ಬರು ಪ್ರಧಾನಿಗಳು ಕುರ್ಚಿ ಬಿಟ್ಟಿದ್ದರು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿಗೂ ನಡುವಿನ ಗಡಿಯದ್ದಂತೂ ದೊಡ್ಡ ತಲೆನೋವಾಯಿತು. ನಮ್ಮ ಕಡೆ ಮನೆ ಹಿಸ್ಸೆ ಆಗುವಾಗಲೂ ಹಾಗೇ ಅಲ್ವಾ? ಅಡಿಕೆ ತೋಟ ಹಂಚಬಹುದು. ಹಳ್ಳದ ನೀರು, ಅಂಗಳದ ದಾರಿ ಹಂಚುವುದು ಹೇಗೆ?

ಅದೂ ಬ್ರಿಟನ್ನಿಗೆ ತನ್ನದೇ ಪೌಂಡ್ ಇತ್ತು. ಯೂರೋ ಬಳಸುವ ದೇಶ ಹೊರಟರೆ ಜನರ ಉಳಿತಾಯ, ಸಾಲ ಎಲ್ಲ ಯಾವ ಹಣದಲ್ಲಿ? 2015ರಲ್ಲಿ ಸಾಲದಿಂದ ಅಷ್ಟು ಕಷ್ಟದಲ್ಲಿದ್ದ ಗ್ರೀಸ್ ಕೂಡ ಯೂರೋ ಬಿಡಲಿಲ್ಲ.

ಒಂದು ಹೆದರಿಕೆ ಇದೆ. ವಿದೇಶ ನೀತಿಯಂಥ ವಿಷಯಕ್ಕೆ 27 ದೇಶಗಳೂ ಒಪ್ಪಬೇಕು. ಒಬ್ಬರು ಬೇಡ ಎಂದರೂ ಕೆಲಸ ನಿಲ್ಲುತ್ತದೆ. ಹೀಗೆ ಆಗುತ್ತಾ ಹೋದರೆ ಬೇಸರ ಬೆಳೆಯುತ್ತದೆ.

ಆದರೂ ಉಳಿಯಲಿ. ಎರಡು ಮಹಾಯುದ್ಧ ಕಂಡ ಜನ, ಫ್ರಾನ್ಸ್ ಜರ್ಮನಿ ಸೇರಿದಂತೆ 6 ದೇಶಗಳವರು, 1952ರಲ್ಲಿ ಕಲ್ಲಿದ್ದಲು, ಉಕ್ಕಿನಿಂದ ಶುರು ಮಾಡಿದ ಒಗ್ಗಟ್ಟು ಇದು.