ಚೈನು ಎಳೆಯುವ ಮುಂಚೆ ಬಾಂದು ಹುಡುಕಿ

ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಲು, ಸರ್ವೆಯರ್ ಹೋದ ಕೂಡಲೇ ಅರ್ಜಿದಾರರು ತೋರಿಸುವುದು ತಮ್ಮ ಬದುವನ್ನು. ‘ಇಲ್ಲಿಂದ ಹಿಡೀರಿ ಸಾರ್’ ಅಂತಾರೆ. ಜಗಳ ಇರುವುದೇ ಆ ಬದುವಿನ ಮೇಲೆ. ಅಲ್ಲಿಂದ ಹಿಡಿದ ಅಳತೆಯನ್ನು ಪಕ್ಕದವರು ಯಾಕೆ ಒಪ್ಪಬೇಕು?

ಹೊರಡುವಾಗ ಕೈಯಲ್ಲಿ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ದಾಖಲೆ), ಹಿಸ್ಸಾ ಟಿಪ್ಪಣಿ (ಪಾಲಾದ ಭಾಗಗಳ ಅಳತೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆ, ಎರಡೂ ಕಡೆಯವರ ಪಹಣಿ ಇರಲಿ. ಪಹಣಿಯಲ್ಲಿ ಖರಾಬಿನ (ಸಾಗುವಳಿಗೆ ಬಾರದ ನೆಲದ) ಕಲಮು ಮೊದಲು ನೋಡಿ. ‘ಮೂರು ಗುಂಟೆ ಒತ್ತುವರಿಯಾಗಿದೆ’ ಎಂಬ ದೂರು ಎಷ್ಟೋ ಸಲ ಅವರದೇ ಸರ್ವೆ ನಂಬರಿನೊಳಗಿನ ಹಳ್ಳವೋ ಬಂಡಿದಾರಿಯೋ ಆಗಿರುತ್ತದೆ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ‘ಬ’ ಖರಾಬು. ಪೋಡಿ (ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು) ಆಗದೆ ಒಂದೇ ಪಹಣಿಯಲ್ಲಿ ನಾಲ್ಕು ಹೆಸರಿದ್ದರೆ ನಂಬರಿನ ಹೊರಗಡಿ ಮಾತ್ರ ತೋರಿಸಬಹುದು. ಅಣ್ಣತಮ್ಮಂದಿರ ನಡುವಿನ ಗೆರೆ ದಾಖಲೆಯಲ್ಲೇ ಇಲ್ಲ, ಅದಕ್ಕೆ ಪೋಡಿಯೇ ಆಗಬೇಕು.

ಜಮೀನಿನಲ್ಲಿ ಮೊದಲ ಕೆಲಸ ಹಳೇ ಬಾಂದು ಕಲ್ಲು, ಅಂದರೆ ಸರ್ವೆಯಲ್ಲಿ ನೆಟ್ಟ ಗಡಿಕಲ್ಲು, ಹುಡುಕುವುದು. ತಕರಾರಿನ ಮೂಲೆ ಬಿಟ್ಟು ಅಕ್ಕಪಕ್ಕದ ನಂಬರುಗಳಿಗೂ ಹೋಗಿ, ಕನಿಷ್ಠ ಮೂರು ಕಲ್ಲು ಗುರುತಿಸಿ, ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾಗುತ್ತದೆಯೇ ನೋಡಿ. ಎರಡೇ ಕಲ್ಲು ಸಿಕ್ಕಿ ದೂರ ಕೂಡದಿದ್ದರೆ ಕಿತ್ತು ನೆಟ್ಟದ್ದು ಯಾವುದೆಂದು ಹೇಳಲಾಗದು. ಮೂರನೆಯದು ಬೇಕಾಗುವುದು ಇದಕ್ಕೇ. ತಾಳೆಯಾದ ಮೇಲೆ ಕಾಣೆಯಾದ ಮೂಲೆಯನ್ನು ಟಿಪ್ಪಣಿಯ ಅಳತೆಯಿಂದ ಗುರುತಿಸಿ, ಅಲ್ಲಿ ಹಾರೆಯಿಂದ ಕೆದಕಿ. ಮುರಿದ ಕಲ್ಲಿನ ಬುಡ ಸಿಕ್ಕರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಹೊಸಬರು ಎಡವುವುದು ಟಿಪ್ಪಣಿ ಓದುವುದರಲ್ಲಿ. ಒಂದು ಚೈನು ಅಂದರೆ 33 ಅಡಿ, ಅದರಲ್ಲಿ 16 ಆಣೆ. ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. 10 ಚೈನು 8 ಆಣೆ ಅಂದರೆ ಹತ್ತೂವರೆ ಚೈನು, 346.5 ಅಡಿ. ಅದನ್ನು ಕ್ಯಾಲ್ಕುಲೇಟರಿಗೆ 10.8 ಅಂತ ಒತ್ತಿದರೆ 356.4 ಬರುತ್ತದೆ. ಹೆಚ್ಚುಕಮ್ಮಿ ಹತ್ತು ಅಡಿ ಪಕ್ಕದವರ ಹೊಲಕ್ಕೆ ನುಗ್ಗಿದಂತೆ! ಇಳಿಜಾರಿನಲ್ಲೂ ಹೀಗೇ: ಐದು ಅಡಿಗೆ ಒಂದು ಅಡಿ ಇಳಿಯುವ ಕಡೆ ಟೇಪು ನೆಲಕ್ಕೆ ಹಾಸಿ 100 ಅಡಿ ಹಿಡಿದರೆ ನಿಜದ ದೂರ 98 ಅಡಿ. ಟೇಪನ್ನು ಮಟ್ಟಸವಾಗಿ ಹಿಡಿದು, ತೂಕದ ಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ರೋವರ್ (ಉಪಗ್ರಹದಿಂದ ಸ್ಥಾನ ಹೇಳುವ ಉಪಕರಣ) ಇದ್ದರೆ ಈ ತಾಪತ್ರಯ ಇಲ್ಲ, ನಿಜ. ಆದರೆ ರೋವರ್ ನೀವು ನಿಂತ ಜಾಗ ಹೇಳುತ್ತದೆಯೇ ಹೊರತು ಬಾಂದು ಇದ್ದ ಜಾಗವನ್ನಲ್ಲ.

ಬಾಜುದಾರರಿಗೆ (ಅಕ್ಕಪಕ್ಕದ ಜಮೀನಿನವರಿಗೆ) ನೋಟಿಸ್ ಜಾರಿಯಾದದ್ದಕ್ಕೆ ದಾಖಲೆ ಇಲ್ಲದಿದ್ದರೆ ಎಷ್ಟೇ ಕರಾರುವಾಕ್ಕಾದ ಅಳತೆಯೂ ಮೇಲ್ಮನವಿಯಲ್ಲಿ ಬೀಳುತ್ತದೆ. ಸಹಿ ಹಾಕದವರನ್ನು ಒತ್ತಾಯಿಸಬೇಡಿ. ‘ನಿರಾಕರಿಸಿದರು’ ಅಂತ ಮಹಜರಿನಲ್ಲಿ ಬರೆದು ಪಂಚರ ಸಹಿ ಪಡೆಯಿರಿ.

ಒಂದು ಮಾತು ಅರ್ಜಿದಾರರಿಗೆ ಮೊದಲೇ ಹೇಳಿ: ಹದ್ದುಬಸ್ತು ಗಡಿ ತೋರಿಸುತ್ತದೆ, ಒತ್ತುವರಿ ಬಿಡಿಸಿಕೊಡುವುದಿಲ್ಲ. ಪಕ್ಕದವರು ಬಿಡದಿದ್ದರೆ ಸಿವಿಲ್ ಕೋರ್ಟೇ ಗತಿ. ಅಲ್ಲಿ ಬರೀ ತಡೆಯಾಜ್ಞೆ ಕೇಳಿದರೆ ಸಾಲದು, ಸ್ವಾಧೀನವನ್ನೂ, ಹಕ್ಕಿನ ಮೇಲೇ ತಕರಾರಿದ್ದರೆ ಹಕ್ಕು ಘೋಷಣೆಯನ್ನೂ ವಕೀಲರ ಮೂಲಕ ಕೇಳಬೇಕು.

ಕಲ್ಲು ನೆಟ್ಟ ಮೇಲೆ ಬಾವಿಕಟ್ಟೆ, ಕರೆಂಟ್ ಕಂಬದಂಥ ಎರಡು ಅಲುಗದ ಗುರುತಿನಿಂದ ಅದರ ದೂರ ಅಳೆದು ನಕ್ಷೆಯಲ್ಲಿ ಬರೆಯಿರಿ. ಮರ ಬೇಡ, ಕಡಿದುಬಿಡುತ್ತಾರೆ.