ತೋಟವು ‘ಮನೆಯ ಸುತ್ತಮುತ್ತ’ ಅಲ್ಲ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಅಡಿಕೆ ಬೆಳೆಯುವ ಊರುಗಳಲ್ಲಿ ಡೆಂಗ್ಯೂ ಕುರಿತು ಜನರ ತಿಳಿವಳಿಕೆ, ಮನೋಭಾವ, ಆಚರಣೆಗಳನ್ನು ಅಳೆಯುವ ಕೆ.ಎ.ಪಿ. ಸಮೀಕ್ಷೆಯ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿದ್ದಾಗ, ಪ್ರಶ್ನಾವಳಿಯ ಕೊನೆಯ ಪುಟವಾದ ವೀಕ್ಷಣಾ ಪಟ್ಟಿಯನ್ನು ಕೈಬಿಡೋಣವೆಂದು ಹೇಳಿದ್ದು ನಾನೇ. ದಿನಕ್ಕೆ 15 ಮನೆಗಳ ಗುರಿಯಿತ್ತು, ಮಳೆಗಾಲವಾಗಿತ್ತು, ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು, ತೋಡಿನ ಮೇಲಿನ ಸಂಕ ದಾಟಿ ಹೋಗಬೇಕಿತ್ತು. ಜನರು ಬಾಯಿಬಿಟ್ಟು ಹೇಳಿದ ಮೇಲೆ ಹಿತ್ತಲಿಗೆ ಹೋಗಿ ನೋಡುವುದು ಅವರ ಮಾತನ್ನು ಶಂಕಿಸಿದಂತಾಗುತ್ತದೆ ಎಂಬ ವಾದವನ್ನೂ ಹೂಡಿದ್ದೆ. ನಮ್ಮ ಜೊತೆಗಿದ್ದ ಜೆ.ಎಚ್.ಐ. (ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್) ಇದನ್ನು ಒಪ್ಪಲಿಲ್ಲ. ಆದರೆ ಸಮಯ ಉಳಿಯುತ್ತದೆ ಎಂದ ಕೂಡಲೇ ಮೇಲಿನ ಕಚೇರಿ ನನ್ನ ಮಾತಿಗೆ ಒಪ್ಪಿಗೆ ಕೊಟ್ಟಿತು.

ಮೂರು ವಾರ್ಡ್‌ಗಳು ಮುಗಿಯುವ ಹೊತ್ತಿಗೆ ಆಚರಣೆಯ ವಿಭಾಗದಲ್ಲಿ ಹೆಚ್ಚಿನ ಮನೆಗಳಿಗೆ ಪೂರ್ಣ ಅಂಕ ಬಂದಿತ್ತು. ‘ಮನೆಯ ಸುತ್ತಮುತ್ತ ನೀರು ನಿಲ್ಲದಂತೆ ನೋಡಿಕೊಳ್ಳುತ್ತೀರಾ?’, ‘ನೀರು ನಿಲ್ಲುವ ಕಸವನ್ನು ವಿಲೇವಾರಿ ಮಾಡುತ್ತೀರಾ?’ ಎಂಬ ಎರಡು ಪ್ರಶ್ನೆಗಳಿಗೂ ‘ಯಾವಾಗಲೂ’ ಎಂಬ ಉತ್ತರವೇ ಬರುತ್ತಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾಡಿದ ಉರವಿಡ ನಶೀಕರಣದ (ಸೊಳ್ಳೆ ಹುಟ್ಟುವ ತಾಣಗಳ ನಾಶದ) ಫಲವಿದು ಎಂದು ನಾನು ವಾರದ ವರದಿಯಲ್ಲಿ ಸಂತೋಷದಿಂದಲೇ ಬರೆದೆ. ಅದೇ ಊರುಗಳಿಂದ ಜ್ವರದ ಪ್ರಕರಣಗಳೂ ಬರುತ್ತಿದ್ದವು. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಬ್ಯಾಕ್‌ಚೆಕ್‌ಗಾಗಿ, ಅಂದರೆ ಮೊದಲು ಬಂದ ಉತ್ತರಗಳನ್ನು ಮತ್ತೆ ಕೇಳಿ ಪರಿಶೀಲಿಸಲು, ಜೆ.ಎಚ್.ಐ. ಅವರೊಂದಿಗೆ ಪೂರ್ಣ ಅಂಕ ಪಡೆದ ಒಂದು ಮನೆಗೆ ಹೋದೆ. ಅಂಗಳವನ್ನು ಗುಡಿಸಿ ಒಪ್ಪವಾಗಿ ಇಟ್ಟಿದ್ದರು; ಬಾವಿಗೆ ಬಲೆ ಹಾಕಿತ್ತು, ಕೊಡಪಾನಗಳಿಗೆ ಮುಚ್ಚಳವಿತ್ತು. ಮನೆಯ ಅಜ್ಜಿ ಬೆಲ್ಲ, ನೀರು ತಂದಿಟ್ಟು, ಜಗಲಿಯಲ್ಲಿ ಕುಳಿತು ಎಲ್ಲ ಪ್ರಶ್ನೆಗಳಿಗೂ ಮೊದಲಿನಂತೆಯೇ ಉತ್ತರಿಸಿದರು. ಒಳಗಿನ ಕೋಣೆಯಲ್ಲಿ ಅವರ ಮೊಮ್ಮಗ ಮೂರು ದಿನದ ಜ್ವರದಲ್ಲಿ ಮಲಗಿದ್ದ. ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ತೋಟಕ್ಕೆ ಇಳಿದಿದ್ದ ಜೆ.ಎಚ್.ಐ. ಮಳೆನೀರು ತುಂಬಿದ ಒಂದು ಅಡಿಕೆ ಹಾಳೆಯನ್ನು ಎರಡೂ ಕೈಗಳಲ್ಲಿ, ನೀರು ಚೆಲ್ಲದಂತೆ, ಹಿಡಿದು ತಂದು ಜಗಲಿಯ ಮೆಟ್ಟಿಲ ಮೇಲೆ ಇಟ್ಟರು. ‘ಕೂತ್ತಾಡಿ ಉಂಟು’ ಎಂದಷ್ಟೇ ಹೇಳಿದರು; ಸೊಳ್ಳೆಯ ಮರಿಹುಳುಗಳಿಗೆ ಮಲಯಾಳದಲ್ಲಿ ಹಾಗೆನ್ನುತ್ತಾರೆ.

ಆ ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಹಾಳೆಯ ನೀರಿನಲ್ಲಿ ಅವು ಮೇಲೆ ಕೆಳಗೆ ಆಡುತ್ತಿದ್ದುದನ್ನು ಮೂವರೂ ನೋಡುತ್ತಿದ್ದೆವು. ಅಜ್ಜಿ ಸುಳ್ಳು ಹೇಳಿದ್ದಾರೆ ಎಂದೇ ನನ್ನ ಮನಸ್ಸು ತೀರ್ಮಾನಿಸಿತು, ಆ ತೀರ್ಮಾನ ನನ್ನ ಮುಖದಲ್ಲಿಯೂ ಕಂಡಿರಬೇಕು. ಅವರು ಒಮ್ಮೆ ಒಳಕೋಣೆಯ ಕಡೆಗೆ ನೋಡಿ, ಮತ್ತೆ ನನ್ನ ಕಡೆ ತಿರುಗಿ, ‘ಅದು ತೋಟದ್ದಲ್ಲವಾ ಮಗಾ? ನೀವು ಕೇಳಿದ್ದು ಮನೆಯ ಸುತ್ತಮುತ್ತ ಅಂತ. ಮತ್ತೆ ಹಾಳೆ ಕಸ ಹೇಗಾಗುತ್ತದೆ?’ ಎಂದರು.

ಅವರ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮನೆಯ ಸುತ್ತಮುತ್ತ ಎಂದರೆ ಅಂಗಳ, ಹಿತ್ತಲು, ಬಾವಿಕಟ್ಟೆ. ತೋಟವೆಂಬುದು ಬೇರೆಯೇ ಜಾಗ. ಹಾಳೆಯಂತೂ ದನಕ್ಕೆ ಮೇವು, ತಟ್ಟೆಗೆ ಕಚ್ಚಾವಸ್ತು, ತಲೆಗೆ ಮುಟ್ಟಾಳೆ. ಅದನ್ನು ಕಸವೆಂದು ಈ ನೆಲದಲ್ಲಿ ಯಾರೂ ಕರೆಯುವುದಿಲ್ಲ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತ ರಬ್ಬರ್ ಮರಗಳಲ್ಲಿ ಬಾಯಿ ಮೇಲಾಗಿಯೇ ಉಳಿಯುವ ಗೆರಟೆಗಳೂ, ಅಳಿಲು ಕೊರೆದ ಕೊಕ್ಕೋ ಕಾಯಿಗಳೂ ಹಾಗೆಯೇ. ಇಂತಹ ಕಡೆಗಳಲ್ಲಿಯೇ ಡೆಂಗ್ಯೂ ಹರಡುವ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆ ಮೊಟ್ಟೆಯಿಡುತ್ತದೆ, ಹಗಲು ಹೊತ್ತಿನಲ್ಲಿ ತೋಟದ ಕೆಲಸದವರನ್ನು ಕಚ್ಚುತ್ತದೆ. ಹಾಳೆ ಒಣಗಿದರೂ ಅದಕ್ಕೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರಬಲ್ಲವು. ನಗರದ ಟಯರು, ಹೂಕುಂಡ, ಪ್ಲಾಸ್ಟಿಕ್ ಲೋಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದು, ಇಂಗ್ಲಿಷಿನಿಂದ ಮಲಯಾಳಕ್ಕೆ, ಅಲ್ಲಿಂದ ಕನ್ನಡಕ್ಕೆ ಇಳಿಸಿದ್ದ ಪ್ರಶ್ನೆಯನ್ನು ನಾನು ಇದೇ ಊರುಗಳಲ್ಲಿ ಬೆಳೆದವನಾಗಿಯೂ ಗಮನಿಸದೆ ಓದಿಸಿದ್ದೆ. ಈ ಊರುಗಳ ಮಾತಿನಂತೆ ನುಸಿ ಎಂದರೆ ಸಾಕಾಗುವಲ್ಲಿ ಸೊಳ್ಳೆ ಎಂದು ಓದಿದಾಗಲೂ ಜನರು ನಮ್ಮ ಮೇಲಿನ ಮರ್ಯಾದೆಯಿಂದ ತಿದ್ದದೆ ಬಿಟ್ಟಿದ್ದರು. ಮನೋಭಾವದ ವಿಭಾಗದಲ್ಲಿ ಎಲ್ಲದಕ್ಕೂ ‘ಸಮ್ಮತಿಯಿದೆ’ ಎಂಬ ಉತ್ತರ ಸಾಲುಸಾಲಾಗಿ ಬಂದಿದ್ದಕ್ಕೂ ಅದೇ ಮರ್ಯಾದೆ ಕಾರಣವಿರಬಹುದೆಂದು ಈಗ ಅನಿಸುತ್ತದೆ.

ಅಜ್ಜಿಯ ಕ್ಷಮೆ ಕೇಳಿದೆ. ಮೊಮ್ಮಗನಿಗೆ ವೈದ್ಯರನ್ನು ಕೇಳದೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಕೊಡಬಾರದೆಂದು ಹೇಳಿ, ಡೆಂಗ್ಯೂ ಪತ್ತೆಯ ಎನ್.ಎಸ್.1 ರಕ್ತಪರೀಕ್ಷೆಗೆ ಆ ದಿನವೇ ಕಳುಹಿಸುವ ಏರ್ಪಾಡನ್ನು ಜೆ.ಎಚ್.ಐ. ಮಾಡಿದರು.

ಮರುದಿನ ಪ್ರಶ್ನೆಯನ್ನು ಬದಲಿಸಲು ಕೇಳಿದಾಗ, ಟ್ಯಾಬ್ಲೆಟ್‌ನಲ್ಲಿ ಫಾರಂ ಲಾಕ್ ಆಗಿದೆ, ನಡುವೆ ತಿದ್ದಿದರೆ ದತ್ತಾಂಶ ಹೊಂದುವುದಿಲ್ಲ ಎಂಬ ಉತ್ತರ ಬಂತು. ನಿಜವಲ್ಲದ ಅಂಕಿಗಳು ಒಂದಕ್ಕೊಂದು ಹೊಂದಿಕೊಂಡರೆ ಯಾರಿಗೆ ಪ್ರಯೋಜನವೆಂದು ಬಹಳ ಹೊತ್ತು ವಾದಿಸಬೇಕಾಯಿತು. ಕೊನೆಗೆ ಕಾಗದದಲ್ಲಿ ಒಂದು ಹೆಚ್ಚುವರಿ ಪುಟ ಸೇರಿಸಲು ಬಿಟ್ಟರು. ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನಗಳು ಬೇಕಾಗುವುದರಿಂದ, ‘ಕಳೆದ 7 ದಿನಗಳಲ್ಲಿ ತೋಟದಲ್ಲಿ ಬಿದ್ದ ಹಾಳೆಗಳನ್ನು ಹೆಕ್ಕಿದ್ದೀರಾ, ಯಾರು ಹೆಕ್ಕಿದರು?’ ಎಂದು ಕೇಳತೊಡಗಿದೆವು, ಅನುಮತಿ ಪಡೆದು ತೋಟಕ್ಕೂ ಇಳಿದೆವು. ‘ಯಾವಾಗಲೂ’ ಎಂಬ ಉತ್ತರ ಅಪರೂಪವಾಯಿತು; ಹೆಕ್ಕುವ ಕೆಲಸದವರು ಸಿಗುವುದಿಲ್ಲ ಎಂಬ ದೂರು, ನಮ್ಮ ಹಳೆಯ ಫಾರಮಿನಲ್ಲಿ ಬರೆಯಲು ಜಾಗವೇ ಇಲ್ಲದಿದ್ದ ದೂರು, ಮನೆಮನೆಯಲ್ಲಿ ಕೇಳಿಬಂತು.

ಮೊದಲ ಮೂರು ವಾರ್ಡ್‌ಗಳ ಆಚರಣೆಯ ಅಂಕಗಳನ್ನು ಉಳಿದವುಗಳ ಜೊತೆ ಕೂಡಿಸಬಾರದೆಂದೂ, ವೀಕ್ಷಣಾ ಪಟ್ಟಿ ಬಿಟ್ಟುಹೋದದ್ದು ನನ್ನ ಸಲಹೆಯಿಂದಲೆಂದೂ ಬರೆದು ಕಳುಹಿಸಿದ್ದೇನೆ. ಕರಡು ವರದಿಯಲ್ಲಿ ಅವು ಇನ್ನೂ ಕೂಡಿಕೊಂಡೇ ಇವೆ.